ಮೂರನೆಯ ಬಾರಿ ಹೆಸರು ಕೇಳಿದಾಗ

ಅಪ್ಪರ್ ಹಿಲ್‌ನ ಕೆನ್ಯಾಟ್ಟಾ ರಾಷ್ಟ್ರೀಯ ಆಸ್ಪತ್ರೆಯು 1901ರಲ್ಲಿ 40 ಹಾಸಿಗೆಗಳ ‘ನೇಟಿವ್ ಸಿವಿಲ್ ಹಾಸ್ಪಿಟಲ್’ ಎಂಬ ಹೆಸರಿನಿಂದ ಆರಂಭವಾಯಿತು. ಬಡವರ ಕೊನೆಯ ಆಸರೆಯಾಗಿ ಬೆಳೆದ ಈ ಸಂಸ್ಥೆಯ ಮೇಲಿನ ವಿಶ್ವಾಸಕ್ಕೆ 2018ರ ಆರಂಭದಲ್ಲಿ ದೊಡ್ಡ ಪೆಟ್ಟು ಬಿದ್ದಿತು.

ಅಂದು ಇಬ್ಬರು ರೋಗಿಗಳ ಗುರುತುಚೀಟಿಗಳು ಅದಲುಬದಲಾದವು. ಒಬ್ಬರ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಇನ್ನೊಬ್ಬರಿಗೆ ಇದ್ದುದು ತಲೆಯ ಊತ ಮಾತ್ರ. ಶಸ್ತ್ರಚಿಕಿತ್ಸೆ ನಡೆದದ್ದು ಎರಡನೆಯವರಿಗೆ. ತಲೆಬುರುಡೆ ತೆರೆದು, ಹೆಪ್ಪು ಕಾಣದೆ ಹೋದಾಗಲೇ ಪ್ರಮಾದ ಅರಿವಿಗೆ ಬಂದಿತು. ಇಬ್ಬರೂ ಚೇತರಿಸಿಕೊಳ್ಳುತ್ತಿರುವುದಾಗಿ ಆಸ್ಪತ್ರೆ ತಿಳಿಸಿತು. ಶಸ್ತ್ರವೈದ್ಯ, ಅರಿವಳಿಕೆ ವೈದ್ಯ ಹಾಗೂ ದಾದಿಯರು ಅಮಾನತುಗೊಂಡರು. ಮುಖ್ಯಾಧಿಕಾರಿಯನ್ನು ಕಡ್ಡಾಯ ರಜೆಯ ಮೇಲೆ ಕಳುಹಿಸಲಾಯಿತು. ಸಹೋದ್ಯೋಗಿಯ ಅಮಾನತನ್ನು ಕಿರಿಯ ವೈದ್ಯರು ಪ್ರತಿಭಟಿಸಿದರು.

ಶಿಕ್ಷೆಯಿಂದಷ್ಟೇ ವಿಶ್ವಾಸ ಮರಳುವುದೇ? ಅದಕ್ಕೂ ಹತ್ತು ವರ್ಷ ಮೊದಲು, 2008ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು ಶಸ್ತ್ರಚಿಕಿತ್ಸೆಯ ಸುರಕ್ಷತಾ ತಪಶೀಲು ಪಟ್ಟಿಯನ್ನು ಹೊರತಂದಿತ್ತು. ನವದೆಹಲಿ ಹಾಗೂ ನೆರೆಯ ಟಾಂಜಾನಿಯಾದ ಇಫಾಕಾರಾ ಸೇರಿದಂತೆ ಎಂಟು ನಗರಗಳಲ್ಲಿ ಅದನ್ನು ಪರೀಕ್ಷಿಸಿದಾಗ, ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು. ಆ ಪಟ್ಟಿಯ ಮೊದಲ ಪ್ರಶ್ನೆಯೇ ರೋಗಿ ಯಾರೆಂಬುದು.

ನಮ್ಮ ಹಿರಿಯರು ಕೆಲವೊಮ್ಮೆ ಬೇಸರಿಸುತ್ತಾರೆ: “ಮೂರು ಸಲ ಹೆಸರು ಕೇಳುವ ಡಾಕ್ಟರನ್ನು ನಂಬುವುದು ಹೇಗೆ?” ವೈದ್ಯನಾಗಿ ನನ್ನ ಬಿನ್ನಹವಿಷ್ಟೆ: ಕೇಳುವವರನ್ನೇ ನಂಬಿ. ಯಾರೂ ಕೇಳದಿದ್ದರೆ ನೀವೇ ಹೇಳಿ. ರೋಗಿಗೆ ಪ್ರಜ್ಞೆಯಿಲ್ಲದಿದ್ದರೆ ಜೊತೆಗಿರುವವರು ಹೇಳಲಿ. ವೈದ್ಯರ ಮೇಲಿನ ವಿಶ್ವಾಸವೆಂದರೆ ಕಣ್ಣುಮುಚ್ಚಿ ಶರಣಾಗುವುದಲ್ಲ.