ಚಳಿಗೆ ಮೂಕವಾದ ಟ್ರಾನ್ಸಿಸ್ಟರು

ನನ್ನ ಮಾತು ಈ ಹೊತ್ತು ನಿಮ್ಮ ಮನೆಯ ರೇಡಿಯೋದಿಂದ ಕೇಳಿಬರುತ್ತಿರುವುದು ಟ್ರಾನ್ಸಿಸ್ಟರಿನ ಕೃಪೆಯಿಂದ. ಕ್ಷೀಣವಾದ ಸಂಕೇತವನ್ನು ಬಲಪಡಿಸುವುದು ಅದರ ಕೆಲಸ. ಆ ಟ್ರಾನ್ಸಿಸ್ಟರೇ ಚಳಿಗೆ ಸೋತು ಮೂಕವಾಗುವ ಒಂದು ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ.

ಕೆಂಪಿನ ಆಚೆಗೆ ಕಣ್ಣಿಗೆ ಕಾಣದ ಕಿರಣಗಳುಂಟೆಂದು 1800ರಲ್ಲಿ ವಿಲಿಯಂ ಹರ್ಷೆಲ್ ಉಷ್ಣಮಾಪಕದ ನೆರವಿನಿಂದ ಕಂಡುಕೊಂಡ. ಇವೇ ಅವಕೆಂಪು ಕಿರಣಗಳು. ಬೆಚ್ಚಗಿರುವ ವಸ್ತುವೆಲ್ಲ ಇವನ್ನು ಸೂಸುತ್ತದೆ. ದೂರದರ್ಶಕವೂ ಇದಕ್ಕೆ ಹೊರತಲ್ಲ. ಉರಿಯುವ ಒಲೆಯ ಮುಂದೆ ಕುಳಿತು ಮಿಂಚುಹುಳುವನ್ನು ಅರಸುವವನಂತೆ, ಅದು ತನ್ನದೇ ಕಾವಿನಲ್ಲಿ ಕುರುಡಾಗುತ್ತದೆ. ಅದಕ್ಕೆಂದೇ ಅಮೆರಿಕ, ನೆದರ್ಲೆಂಡ್ಸ್, ಬ್ರಿಟನ್ ದೇಶಗಳು ಕೂಡಿ 1983ರ ಜನವರಿ 25ರಂದು ಹಾರಿಸಿದ ಐರಾಸ್ ಉಪಗ್ರಹದ ದೂರದರ್ಶಕವನ್ನು ದ್ರವ ಹೀಲಿಯಮ್ಮಿನಿಂದ ತಣಿಸಿದ್ದರು. ಅದರ 62 ಶೋಧಕಗಳು ನಿರಪೇಕ್ಷ ಶೂನ್ಯಕ್ಕಿಂತ ಎರಡು ಮೂರು ಡಿಗ್ರಿಯಷ್ಟೇ ಮೇಲಿದ್ದವು.

ತೊಡಕು ಹುಟ್ಟಿದ್ದು ಅಲ್ಲಿಯೇ. ಶೋಧಕ ಕೊಡುವ ವಿದ್ಯುತ್ತು ಅತ್ಯಲ್ಪ. ಉದ್ದನೆಯ ತಂತಿಯಲ್ಲಿ ಹರಿದರೆ ಗದ್ದಲದಲ್ಲಿ ಕಳೆದುಹೋದೀತು. ಆದುದರಿಂದ ಅದನ್ನು ವರ್ಧಿಸುವ ಟ್ರಾನ್ಸಿಸ್ಟರು ಪಕ್ಕದಲ್ಲಿಯೇ ಇರಬೇಕು. ಆದರೆ ಗದ್ದಲ ಕಡಿಮೆಯೆಂದು ಆರಿಸಿಕೊಂಡ ಜೆಫೆಟ್ ಬಗೆಯ ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ, ಅಂತಹ ಚಳಿಗೆ, ವಿದ್ಯುತ್ತನ್ನು ಒಯ್ಯಬೇಕಾದ ಎಲೆಕ್ಟ್ರಾನುಗಳು ಪರಮಾಣುಗಳಿಗೆ ಅಂಟಿಕೊಂಡು ಕದಲದಾಗುತ್ತವೆ. ವಿನ್ಯಾಸಕಾರರು ಕಂಡ ಉಪಾಯವಿಷ್ಟು: ಟ್ರಾನ್ಸಿಸ್ಟರನ್ನು ಪುಟ್ಟ ಗೂಡಿನಲ್ಲಿ, ಶಾಖ ಸೋರದಂತೆ ಪ್ರತ್ಯೇಕಿಸಿ, ಅದೊಂದನ್ನು ಮಾತ್ರ ಬೆಚ್ಚಗಿಡುವುದು. ಆ ಕಾವು ಸೋರಿದಷ್ಟೂ ಹೀಲಿಯಮ್ ಆವಿಯಾಗುತ್ತದೆ. ಹೀಲಿಯಮ್ ಮುಗಿದರೆ ದೂರದರ್ಶಕದ ಆಯುಷ್ಯವೂ ಮುಗಿದಂತೆ. ನವೆಂಬರ್ 21ರಂದು ಅದು ಮುಗಿಯಿತು.

ಆ ಹತ್ತು ತಿಂಗಳಲ್ಲಿ ಐರಾಸ್ ಆಕಾಶದ ನೂರಕ್ಕೆ 96 ಪಾಲನ್ನು ಶೋಧಿಸಿತು. ಅಳತೆಯನ್ನು ಸರಿನೋಡಲೆಂದು ಅಭಿಜಿತ್ ನಕ್ಷತ್ರದತ್ತ ತಿರುಗಿಸಿದಾಗ, ನಿರೀಕ್ಷೆಗಿಂತ ಹೆಚ್ಚು ಅವಕೆಂಪು ಬೆಳಕು ಕಂಡಿತು. ಇದು ನಕ್ಷತ್ರದ ಗುಣವೋ, ಉಪಕರಣದ ದೋಷವೋ? ಬೆಚ್ಚನೆಯ ಆ ಗೂಡುಗಳು ನಂಬಿಕೆಗೆ ಅರ್ಹವಾಗಿದ್ದರಿಂದಲೇ ಔಮನ್ ಮತ್ತು ಗಿಲೆಟ್ ಎಂಬ ವಿಜ್ಞಾನಿಗಳು, ಅಭಿಜಿತ್ತಿನ ಸುತ್ತ ಧೂಳಿನ ಕಣಗಳಿವೆಯೆಂದು ಸಾರಬಲ್ಲವರಾದರು. ಅನ್ಯ ಸೂರ್ಯರ ಬಳಿಯೂ ಗ್ರಹಗಳು ರೂಪುಗೊಳ್ಳುತ್ತಿರಬಹುದೆಂಬ ಊಹೆಗೆ ಅದು ದೊಡ್ಡ ಆಸರೆಯಾಯಿತು.

ಮುಂದೆ ಮಾಸ್ ಬಗೆಯ ಟ್ರಾನ್ಸಿಸ್ಟರುಗಳನ್ನು ಆ ಚಳಿಗೆ ಒಗ್ಗಿಸಿಕೊಂಡರು. ಅವುಗಳಲ್ಲಿ ದ್ವಾರಕ್ಕೆ ಕೊಟ್ಟ ವಿದ್ಯುದೊತ್ತಡವೇ ಎಲೆಕ್ಟ್ರಾನುಗಳನ್ನು ಸೆಳೆದು ಹಾದಿ ಮಾಡಿಕೊಡುತ್ತದೆ. ಪ್ರತ್ಯೇಕ ಕಾವು ಬೇಕಿಲ್ಲ. ಹೀಗಾಗಿ 2003ರ ಸ್ಪಿಟ್ಜರ್ ದೂರದರ್ಶಕದಲ್ಲಿ 256 ಸಾಲು, ಸಾಲಿಗೆ 256 ಬಿಂದುಗಳಿರುವ ಶೋಧಕಗಳು ಸಾಧ್ಯವಾದವು. 2021ರ ಡಿಸೆಂಬರ್ 25ರಂದು ಹಾರಿದ ವೆಬ್ ದೂರದರ್ಶಕದಲ್ಲಿ ಆ ಬಿಂದುಗಳು ಲಕ್ಷಗಳನ್ನು ದಾಟಿದವು.

ಶರದೃತುವಿನ ಸಂಜೆ ವಾಯವ್ಯದಲ್ಲಿ ಹೊಳೆಯುವ ಅಭಿಜಿತ್ತನ್ನು ನೋಡಿದಾಗಲೆಲ್ಲ ನನಗೆ ನೆನಪಾಗುವುದು ಆ ಗೂಡುಗಳೇ. ಅವುಗಳನ್ನು ಕಟ್ಟಿದ ಕೈಗಳ ಹೆಸರನ್ನು ಯಾವ ನಕ್ಷತ್ರಕ್ಕೂ ಇಟ್ಟಿಲ್ಲ.