'ಅಪ್ಪ' ಎಂಬ ಸಂಬೋಧನೆ: ಸುರಪುರದಲ್ಲಿ ಟೇಲರನ ಆಡಳಿತವನ್ನು ಕುರಿತು

ಸುರಪುರ ಸಂಸ್ಥಾನದ ಆಡಳಿತವನ್ನು 1841ರಿಂದ 1853ರವರೆಗೆ ನಿರ್ವಹಿಸಿದ ಫಿಲಿಪ್ ಮೆಡೋಸ್ ಟೇಲರನನ್ನು ಕುರಿತು ಬರೆದವರಲ್ಲಿ ಹಲವರು ಅವನ ಆತ್ಮಕಥೆಯ ಒಂದು ಪದದ ಮೇಲೆ ತಮ್ಮ ಸಿದ್ಧಾಂತದ ಸಮಸ್ತ ಭಾರವನ್ನೂ ಹೊರಿಸಿದ್ದಾರೆ. ಬಾಲರಾಜನಾದ ವೆಂಕಟಪ್ಪ ನಾಯಕನು ತನ್ನನ್ನು 'ಅಪ್ಪ' ಎಂದು ಕರೆಯುತ್ತಿದ್ದನೆಂದು ಟೇಲರನು ಹೇಳಿ, ತಂದೆಯೆಂದು ಅದರ ಅರ್ಥವನ್ನೂ ತಾನೇ ಬಿಡಿಸಿದ್ದಾನೆ. ಈ ಅರ್ಥವನ್ನು ಪರೀಕ್ಷಿಸದೆ ಅಂಗೀಕರಿಸಿದುದರ ಫಲವಾಗಿ, ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟನ ಆಜ್ಞೆಯಿಂದ ನೇಮಕಗೊಂಡ ಅಧಿಕಾರಿಯು ಸಾಕುತಂದೆಯಾದನು. ಹೆತ್ತ ತಾಯಿ ರಾಣಿ ಈಶ್ವರಮ್ಮನು ಮಗನ ಹಿತಕ್ಕೆ ಅಡ್ಡಿಯಾದಳು. 1858ರಲ್ಲಿ ವೆಂಕಟಪ್ಪನು ಬ್ರಿಟಿಷರ ವಿರುದ್ಧ ಹೂಡಿದ ಬಂಡಾಯವು ಪಿತೃವಚನೋಲ್ಲಂಘನವಾಯಿತು.

ಈ ಓದು ನಿಲ್ಲತಕ್ಕುದಲ್ಲ. ಸುರಪುರದ ನೆರೆಯ ಶಹಾಪುರದ ಸಂತೆಯಲ್ಲಿ ಒಂದು ಗಳಿಗೆ ನಿಂತವನಿಗೆ ಅದರ ದೌರ್ಬಲ್ಯ ತಾನಾಗಿಯೇ ತಿಳಿಯುತ್ತದೆ. ಮೆಣಸಿನಕಾಯಿಯ ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತ ಮುದುಕಿ, ಮೊಮ್ಮಗನ ವಯಸ್ಸಿನ ವ್ಯಾಪಾರಿಗೆ "ಇನ್ನಷ್ಟು ಹಾಕೋ ಯಪ್ಪಾ" ಎನ್ನುತ್ತಾಳೆ. ಜೋಳದ ಹೊಲದಲ್ಲಿ ದುಡಿಯುವವನು ಗೌಡನನ್ನು "ಅಪ್ಪಾರ" ಎನ್ನುತ್ತಾನೆ; ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ಪೀಠಾಧಿಪತಿಗಳು ಭಕ್ತರಿಗೆಲ್ಲ 'ಅಪ್ಪ'ನೇ; ತಾಯಿ ಹಟಮಾಡುವ ಮಗುವನ್ನು ರಮಿಸುವಾಗಲೂ "ಬಾ ನಮ್ಮಪ್ಪಾ" ಎಂದೇ ಕರೆಯುತ್ತಾಳೆ. ಯಾದಗಿರಿಯಿಂದ ಸುರಪುರದವರೆಗಿನ ಈ ಸೀಮೆಯಲ್ಲಿ ಆ ಪದವು ಗೌರವ, ಯಾಚನೆ, ವಾತ್ಸಲ್ಯ, ಅಧೀನತೆ ಇವೆಲ್ಲವನ್ನೂ ಸಂದರ್ಭಾನುಸಾರವಾಗಿ ಸೂಚಿಸುತ್ತದೆಯೇ ಹೊರತು ಜನ್ಮಸಂಬಂಧವೊಂದನ್ನೇ ಹೇಳುವುದಿಲ್ಲ. (ಇದಕ್ಕೆ ನಿಘಂಟು ಸಾಲದು, ನಿಘಂಟನ್ನು ಮಾತ್ರ ತೆರೆದು ತೀರ್ಪು ಕೊಟ್ಟ ವಿದ್ವಾಂಸರೊಡನೆ ನಾನು ವಾದಕ್ಕೆ ನಿಲ್ಲುವುದು ಈ ಕಾರಣದಿಂದಲೇ.)

ಮತ್ತೊಂದು ಅಂಶವೂ ವಿಚಾರಣೀಯ. ಟೇಲರನು 1876ರಲ್ಲಿ ತೀರಿಕೊಂಡನು. ಆತ್ಮಕಥೆಯು ಅವನ ಮಗಳ ಸಂಪಾದಕತ್ವದಲ್ಲಿ 1877ರಲ್ಲಿ ಪ್ರಕಟವಾಯಿತು. ಅದನ್ನು ಬರೆದ ಕೈ 'ತಾರಾ', 'ಸೀತಾ' ಕಾದಂಬರಿಗಳಲ್ಲಿ ಪಳಗಿದ ಕೈ. ರಾಜನು ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಅಳಿಯುವನೆಂಬ ಜಾತಕದ ಪ್ರಸಂಗವನ್ನು ಟೇಲರನು ಅಣಿಗೊಳಿಸಿರುವ ಕ್ರಮದಲ್ಲಿ, ಅಂತ್ಯವನ್ನು ಬಲ್ಲವನು ಆರಂಭವನ್ನು ಬರೆಯುತ್ತಿರುವುದು ಸ್ಪಷ್ಟವಾಗಿ ಗೋಚರಿಸುತ್ತದೆ. ಆತ್ಮಕಥೆಗಿಂತ ಮೊದಲು, ಆಯಾ ಕಾಲದಲ್ಲಿಯೇ, ಅವನು ತನ್ನ ಬಂಧು ಹೆನ್ರಿ ರೀವನಿಗೆ ಬರೆದ ಪತ್ರಗಳು 1947ರಲ್ಲಿ ಪ್ಯಾಟ್ರಿಕ್ ಕೆಡೆಲನ ಸಂಪಾದನೆಯಲ್ಲಿ ಅಚ್ಚಾದವು. ಅವನ್ನು ಬದಿಗಿರಿಸಿ ವೃದ್ಧಾಪ್ಯದ ಸ್ಮೃತಿಯೊಂದನ್ನೇ ಪ್ರಮಾಣವೆಂದು ಹಿಡಿಯುವುದು ಇತಿಹಾಸಕಾರನಿಗೆ ಸಲ್ಲದ ಸೌಲಭ್ಯ.

ಟೇಲರನ ಯೋಗ್ಯತೆಯನ್ನು ಕುಂದಿಸುವುದು ನನ್ನ ಉದ್ದೇಶವಲ್ಲ. ಅವನು ಈಸ್ಟ್ ಇಂಡಿಯಾ ಕಂಪನಿಯ ನೇರ ನೌಕರನಲ್ಲ, ನಿಜಾಮನ ಸೈನ್ಯದ ಅಧಿಕಾರಿ. ಎಂಜಿನಿಯರನ ವಿದ್ಯೆಯನ್ನೂ ಭೂಮಾಪನವನ್ನೂ ತಾನಾಗಿ ಕಲಿತವನು. ನಾಯಕರ ಕಾಲದ ಬೋನಾಳ ಕೆರೆಯನ್ನು ಅಭಿವೃದ್ಧಿಪಡಿಸಿದನು; ಶಹಾಪುರದ ಬಳಿಯ ವಿಭೂತಿಹಳ್ಳಿಯ ಪ್ರಾಚೀನ ಶಿಲಾಪಂಕ್ತಿಗಳನ್ನು ವಿದ್ವಲ್ಲೋಕದ ಗಮನಕ್ಕೆ ತಂದನು. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆಯನ್ನು ಜನ ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ. ಇವೆಲ್ಲ ದಕ್ಷ ಆಡಳಿತಗಾರನ ಕೃತಿಗಳು. ಅವನ್ನು ಮೆಚ್ಚಲು ಪಿತೃತ್ವದ ಆರೋಪ ಬೇಕಾಗಿಲ್ಲ. ರಾಜನು ಪ್ರಾಪ್ತವಯಸ್ಕನಾದೊಡನೆ ಅವಧಿ ತೀರುವ ಅಧಿಕಾರ ಅದು, ತೀರಿಯೂ ತೀರಿತು.

ಹಾಗಾದರೆ ಬಂಡಾಯದ ನಂತರ ಹೈದರಾಬಾದಿನ ಸೆರೆಯಲ್ಲಿ, 1858ರಲ್ಲಿ, ತರುಣ ವೆಂಕಟಪ್ಪನು ಟೇಲರನನ್ನು ಮತ್ತೆ 'ಅಪ್ಪ' ಎಂದುದೇಕೆ? ಇಲ್ಲಿ ಪ್ರತಿವಾದಿಗಳಿಗೆ ಒಂದು ಮಾತನ್ನು ಬಿಟ್ಟುಕೊಡುತ್ತೇನೆ. ಪಾಲಕನ ಅಧಿಕಾರ ಮುಗಿದು ಐದು ವರ್ಷಗಳಾಗಿದ್ದುವು. ಕ್ಷಮಾದಾನ ಟೇಲರನ ಕೈಯಲ್ಲಿರಲಿಲ್ಲ. ತನ್ನನ್ನು ಕಳ್ಳನಂತೆ ನೇಣಿಗೆ ಹಾಕಬಾರದೆಂಬುದಷ್ಟೇ ಆ ಸೆರೆಯಾಳಿನ ಬೇಡಿಕೆ. ಮರಣದಂಡನೆಯು ಕೊನೆಗೆ ನಾಲ್ಕು ವರ್ಷಗಳ ಬಂಧನಕ್ಕೆ ಇಳಿದರೂ, ಆ ಬಂಧನಕ್ಕಾಗಿ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಅವನ ಪ್ರಾಣ ಹೋಯಿತು. ಈ ದುಃಖದ ನೆನಪೇ ಹಿಂದಿನ ಹನ್ನೆರಡು ವರ್ಷಗಳ ಸಂಬೋಧನೆಗೆಲ್ಲ ಒಂದೇ ಬಣ್ಣವನ್ನು ಬಳಿಯಿತೆಂದು ನನ್ನ ಊಹೆ. ದರ್ಬಾರಿನ 'ಅಪ್ಪ' ನಾಡಿನ ರೂಢಿ. ಸೆರೆಮನೆಯ 'ಅಪ್ಪ'ನನ್ನು ಮಾತ್ರ ನಾನೂ ಟೇಲರನು ಕೊಟ್ಟ ಅರ್ಥದಲ್ಲಿಯೇ ಓದುತ್ತೇನೆ.