ಜಟೆಯಾದ ಕೇಶ, ಜಟೆ ಧರಿಸಿದ ವೇಷ: ಆದಿದೇವನಿಂದ ಜಟಾಚಾರ್ಯನವರೆಗೆ

ಕೆಲವು ಕಾಲದ ಹಿಂದೆ ಸಂಶೋಧನ ವಿದ್ಯಾರ್ಥಿಯೊಬ್ಬರು ನನ್ನೊಡನೆ ಕುಳಿತು ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದ 18ನೆಯ ಪರ್ವವನ್ನು ಓದುತ್ತಿದ್ದರು. ವೃಷಭಸ್ವಾಮಿಯು ಆರು ತಿಂಗಳ ಅನಶನವನ್ನು ಸಂಕಲ್ಪಿಸಿ ಕಾಯೋತ್ಸರ್ಗದಲ್ಲಿ ನಿಂತಿರುವ ಪ್ರಕರಣವದು. ತಲೆಗೂದಲು ಸಂಸ್ಕಾರವಿಲ್ಲದೆ ಜಟೆಯಾಯಿತೆಂದು ಆಚಾರ್ಯರು ಹೇಳುವಲ್ಲಿ ಆತ ಓದು ನಿಲ್ಲಿಸಿದರು. "ಆರು ತಿಂಗಳಲ್ಲಿ ಆಗುವ ಕೆಲಸವಲ್ಲ ಸರ್ ಇದು, ನನ್ನಂಥ ಕೂದಲಿಗಂತೂ ಅಲ್ಲವೇ ಅಲ್ಲ" ಎಂದರು. ಅವರದು ನವಿರಾದ, ತೆಳುವಾದ, ನೇರವಾದ ಕೂದಲು. ಈಗಿನ ತರುಣರು ಡ್ರೆಡ್‌ಲಾಕ್ಸ್ ಎನ್ನುವ ಜಟೆಯನ್ನು ಮೇಣವಿಲ್ಲದೆ, ಸೂಜಿಯಿಲ್ಲದೆ ತಾನಾಗಿಯೇ ಬರಿಸಬೇಕೆಂದು ಎರಡು ವರ್ಷ ಬಾಚಣಿಗೆ ಮುಟ್ಟದೆ ಇದ್ದವರು. ನಾನು ಅಂದು ಉತ್ತರಿಸಲಿಲ್ಲ. ಪ್ರಶ್ನೆ ಮಾತ್ರ ಉಳಿಯಿತು.

ಕೂದಲು ಜಟೆಯಾಗುವ ಬಗೆ ಕಠಿಣವಾದ ಶಾಸ್ತ್ರವೇನಲ್ಲ. ಪ್ರತಿ ಕೂದಲಿನ ಮೇಲ್ಮೈಯಲ್ಲಿ ಹಂಚು ಹೊದಿಸಿದಂತೆ ಸೂಕ್ಷ್ಮವಾದ ಪೊರೆಗಳಿವೆ. ತೇವವೂ ಉಜ್ಜುವಿಕೆಯೂ ಸೇರಿದಾಗ ಅವು ಒಂದಕ್ಕೊಂದು ಸಿಲುಕುತ್ತವೆ; ಉಣ್ಣೆ ಗಟ್ಟಿಗೊಳ್ಳುವುದೂ ಹೀಗೆಯೇ. ದಿನವೊಂದಕ್ಕೆ ಸಹಜವಾಗಿ ಉದುರುವ 50ರಿಂದ 100 ಕೂದಲು ಬಾಚಣಿಗೆಯ ಪಾಲಾಗದೆ ತಲೆಯಲ್ಲೇ ಉಳಿದರೆ, ಬೆಳೆಯುತ್ತಿರುವ ಕೂದಲನ್ನು ಸುತ್ತಿ ಸಿಕ್ಕು ಕಟ್ಟುತ್ತವೆ. ಗುಂಗುರು ಕೂದಲಿನಲ್ಲಿ ಇದು ಬೇಗ ನಡೆಯುತ್ತದೆ. ನವಿರಾದ ನೇರ ಕೂದಲಿನಲ್ಲಿ ನೆತ್ತಿಯ ಜಿಡ್ಡು ಬುಡದಿಂದ ತುದಿಯವರೆಗೆ ಸಲೀಸಾಗಿ ಇಳಿಯುವುದರಿಂದ ಗಂಟು ಜಾರಿಹೋಗುತ್ತದೆ. ವರ್ಷ ಎರಡು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಮೊದಲು ಕಟ್ಟುವುದು ದಿಂಬಿಗೆ ಉಜ್ಜುವ ಹಿಂದಲೆಯಲ್ಲಿ. ಇನ್ನೊಂದು ಸಂಗತಿಯನ್ನು ಆ ವಿದ್ಯಾರ್ಥಿಯೇ ತಿಳಿಸಿದರು. ಪೂರ್ತಿ ಬಿಟ್ಟುಬಿಟ್ಟರೆ ತೆಳುಗೂದಲು ಬಿಡಿಬಿಡಿ ಜಟೆಗಳಾಗುವುದಿಲ್ಲ, ಒಂದೇ ಚಪ್ಪಟೆ ಹಾಳೆಯಾಗುತ್ತದೆ. ಅದರ ಭಾರವೆಲ್ಲ ಕೆಲವೇ ಬುಡಗಳ ಮೇಲೆ ಬಿದ್ದು ಕೂದಲು ಕಿತ್ತುಬರುತ್ತದೆ. ಆದ್ದರಿಂದ ಆಗಾಗ ಕೈಯಿಂದ ಎಳೆ ಎಳೆಯಾಗಿ ಬೇರ್ಪಡಿಸಲೇಬೇಕು. "ತಾನಾಗಿ" ಬಂದ ಜಟೆಯಲ್ಲೂ ಅಷ್ಟು ಸಂಸ್ಕಾರ ಅನಿವಾರ್ಯ.

ಈ ತಿಳಿವಳಿಕೆಯೊಡನೆ ಪುರಾಣಕ್ಕೆ ಮರಳಿದರೆ ಪೂರ್ವಾಚಾರ್ಯರ ಅವಲೋಕನ ಬೆರಗು ಹುಟ್ಟಿಸುತ್ತದೆ. 7ನೆಯ ಶತಮಾನದ ರವಿಷೇಣಾಚಾರ್ಯರು ಪದ್ಮಪುರಾಣದಲ್ಲಿ ವೃಷಭಸ್ವಾಮಿಯ ಜಟೆಗಳನ್ನು ವರ್ಣಿಸುವಾಗ ಗಾಳಿಯನ್ನು ತರುತ್ತಾರೆ. ಗಾಳಿಗೆ ಕೆದರಿದ ಜಟೆಗಳು ಧ್ಯಾನಾಗ್ನಿಯಲ್ಲಿ ಸುಡುತ್ತಿರುವ ಕರ್ಮದ ಹೊಗೆಯ ಸಾಲುಗಳಂತೆ ಕಂಡವು ಎಂಬುದು ಅವರ ಕಲ್ಪನೆ. ಜಿನಸೇನರಲ್ಲಿಯೂ ಗಾಳಿಯಿದೆ, ಅಗ್ನಿಯಿದೆ; ಹೋಲಿಕೆ ಮಾತ್ರ ಪುಟಕ್ಕಿಟ್ಟ ಚಿನ್ನದಿಂದ ಹೊರಡುವ ಕಪ್ಪಿನದು. ಅಲುಗದೆ ನಿಂತ ಯೋಗಿಗೆ ದಿಂಬಿಲ್ಲ, ಹಾಸಿಗೆಯಿಲ್ಲ. ಅವನ ಕೂದಲನ್ನು ಉಜ್ಜುವುದಕ್ಕೆ ಉಳಿದಿರುವುದು ಗಾಳಿಯೊಂದೇ.

ಆದರೆ ಲೆಕ್ಕ ಕೂಡುವುದಿಲ್ಲ. ದೀಕ್ಷೆಯ ದಿನ ಸ್ವಾಮಿಯು ಪಂಚಮುಷ್ಟಿ ಲೋಚ ಮಾಡಿಕೊಂಡನು, ಆ ಕೇಶವನ್ನು ಇಂದ್ರನು ರತ್ನಪೆಟ್ಟಿಗೆಯಲ್ಲಿಟ್ಟು ಕ್ಷೀರಸಮುದ್ರಕ್ಕೆ ಒಯ್ದನು ಎಂದು ಜಿನಸೇನರೇ ಹೇಳಿದ್ದಾರೆ. ತಲೆಗೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಬುಡದಿಂದ ಕಿತ್ತ ಕೂದಲು ಆರು ತಿಂಗಳಿಗೆ ಏಳೆಂಟು ಸೆಂಟಿಮೀಟರ್ ಆದರೆ ಹೆಚ್ಚು, ಹೆಗಲಿಗೆ ಬಾರದು. ತೀರ್ಥಂಕರನ ದೇಹಕ್ಕೆ ನಮ್ಮ ಅಳತೆಗೋಲು ಹಿಡಿಯುವುದು ಉಚಿತವಲ್ಲವೆಂದು ಓದುಗರು ಆಕ್ಷೇಪಿಸಬಹುದು, ಆಕ್ಷೇಪ ಸರಿಯೇ. ನಾನು ಅಳೆಯುತ್ತಿರುವುದು ಸ್ವಾಮಿಯ ಕೇಶವನ್ನಲ್ಲ, ಕಥನದ ಬಿರುಕನ್ನು. ಆಚಾರ್ಯರು ಹಿಂದಿನಿಂದ ಬಂದ ಒಂದು ರೂಪಕ್ಕೆ ಕಾರಣ ಹುಡುಕುತ್ತಿದ್ದಾರೆಂಬುದು ಈ ಬಿರುಕಿನಲ್ಲಿ ಕಾಣುತ್ತದೆ.

ಶ್ವೇತಾಂಬರ ಪರಂಪರೆ ಅದೇ ರೂಪಕ್ಕೆ ಬೇರೊಂದು ಕಾರಣ ಕೊಟ್ಟಿತು. ಕಲ್ಪಸೂತ್ರದಲ್ಲಿ ಋಷಭನದು ನಾಲ್ಕು ಮುಷ್ಟಿಯ ಲೋಚ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಇದನ್ನು ವಿಸ್ತರಿಸಿ, ಹೊಂಬಣ್ಣದ ಹೆಗಲ ಮೇಲೆ ಶೋಭಿಸುತ್ತಿದ್ದ ಐದನೆಯ ಮುಷ್ಟಿಯ ಕೇಶವನ್ನು ಹಾಗೆಯೇ ಬಿಡಬೇಕೆಂದು ಇಂದ್ರನು ಬೇಡಿಕೊಂಡನೆಂದರು. ಇಲ್ಲಿ ಲೆಕ್ಕ ಕೂಡುತ್ತದೆ, ಆದರೆ ಜಟೆ ಹೋಗಿ ಚೆಲುವು ಉಳಿಯುತ್ತದೆ. ಒಂದೇ ಲಕ್ಷಣಕ್ಕೆ ಎರಡು ಪರಂಪರೆಗಳು ಎರಡು ಕಥೆ ಹೇಳುತ್ತಿವೆಯೆಂದರೆ ಲಕ್ಷಣವೇ ಹಳೆಯದು. ಮಥುರೆಯ ಕುಷಾಣಕಾಲದ ಬಿಂಬಗಳಲ್ಲಿ ಲಾಂಛನಗಳಿನ್ನೂ ಬಂದಿರಲಿಲ್ಲ. ಹೆಡೆಯಿಂದ ಪಾರ್ಶ್ವನನ್ನೂ ಹೆಗಲ ಮೇಲಿನ ಕೇಶದಿಂದ ಋಷಭನನ್ನೂ ಗುರುತಿಸಬೇಕಾಗಿತ್ತು. ಬಿಹಾರದ ಚೌಸಾ ಮತ್ತು ಗುಜರಾತಿನ ಅಕೋಟಾದ ಕಂಚಿನ ಪ್ರತಿಮೆಗಳಲ್ಲಿಯೂ ಇದೇ ಕೇಶ. ಈ ಎಳೆಗಳ ರಚನೆಯನ್ನು ನೋಡಿ: ತೆಳ್ಳಗೆ, ಬಿಡಿಬಿಡಿಯಾಗಿ, ಎಡಬಲಕ್ಕೆ ಸಮವಾಗಿ ಇಳಿದಿವೆ. ಸಂಸ್ಕಾರವಿಲ್ಲದ ಕೂದಲು ಹೀಗೆ ಇಳಿಯುವುದಿಲ್ಲ. ಶಿಲ್ಪಿ ಕೆತ್ತಿದ್ದು ಗುರುತನ್ನು. ಅದಕ್ಕೆ ತಪಸ್ಸಿನ ಅರ್ಥ ತುಂಬಿದವರು ಕವಿಗಳು.

ಗುರುತಾಗಿ ಅದು ಪೂರ್ಣ ವಿಶ್ವಾಸಾರ್ಹವೂ ಅಲ್ಲ. ದೇವಗಢದಲ್ಲಿ ಇತರ ಜಿನರ ಹೆಗಲ ಮೇಲೂ ಕೇಶವಿದೆ. ಪೀಠ ಒಡೆದುಹೋದ ಬಿಂಬವನ್ನು ಕೂದಲೊಂದನ್ನೇ ನೋಡಿ ಆದಿನಾಥನೆಂದು ಬರೆದುಬಿಡುವ ಅಭ್ಯಾಸ ನಮ್ಮಲ್ಲಿದೆ. ವಿದ್ಯಾರ್ಥಿಗಳು ಇದರಿಂದ ದೂರವಿರಬೇಕು. ನಮ್ಮ ಬಾದಾಮಿ, ಐಹೊಳೆಗಳ ಬಾಹುಬಲಿಯ ಹೆಗಲ ಮೇಲೂ ಎಳೆಗಳು ಇಳಿದಿವೆ. ಜಿನಸೇನರು ಬಾಹುಬಲಿಯ ಹೆಗಲು ಮುಟ್ಟಿದ ಕೇಶಬಳ್ಳಿಗಳನ್ನು ಚಂದನವೃಕ್ಷಕ್ಕೆ ಸುತ್ತಿದ ಕರಿಯ ಹಾವುಗಳಿಗೆ ಹೋಲಿಸುತ್ತಾರೆ. ಆ ಮಹಾಪುರಾಣವನ್ನು ಅನುಸರಿಸಿ ಕನ್ನಡದಲ್ಲಿ ಬರೆದ ಚಾವುಂಡರಾಯನೇ ಬೆಳ್ಗೊಳದಲ್ಲಿ ಮಾಡಿಸಿದ ಗೊಮ್ಮಟನಿಗೆ ಮಾತ್ರ ಗಿಡ್ಡ ಗುಂಗುರು ಕೇಶ! ಶಿಲ್ಪಿ ಕಾವ್ಯದ ಅನುವಾದಕನಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಾಗಾದರೆ ಜಿನಸೇನರಿಗೆ ಸಂಸ್ಕಾರದ ಅಭಾವವನ್ನು ಒತ್ತಿಹೇಳುವ ಅಗತ್ಯವೇನಿತ್ತು? ಉತ್ತರ ಅದೇ ಪರ್ವದಲ್ಲಿದೆ. ಸ್ವಾಮಿಯೊಡನೆ ದೀಕ್ಷೆ ಪಡೆದ 4000 ಅರಸರು ಹಸಿವು ತಾಳಲಾರದೆ ಭ್ರಷ್ಟರಾಗುತ್ತಾರೆ. ಕೆಲವರು ನಾರುಡೆ ಉಡುತ್ತಾರೆ, ಕೆಲವರು ದಂಡ ಹಿಡಿಯುತ್ತಾರೆ, ಕೆಲವರು ಬೂದಿ ಬಳಿದು ಜಟಾಧಾರಿಗಳಾಗುತ್ತಾರೆ. ಒಂದೇ ಪರ್ವದಲ್ಲಿ ಎರಡು ಜಟೆಗಳು! ಒಂದು ದೇಹದ ಕಡೆ ಗಮನವೇ ಇಲ್ಲದಿದ್ದಾಗ ಆದದ್ದು, ಇನ್ನೊಂದು ಬೇಕೆಂದು ಧರಿಸಿದ್ದು. ಜಟೆ ಬಹುಕಾಲದಿಂದ ಅನ್ಯ ತಾಪಸರ ಕುರುಹಾಗಿತ್ತು. ಬೌದ್ಧ ವಿನಯಪಿಟಕದಲ್ಲಿ ಉರುವೇಲದ ಕಾಶ್ಯಪ ಸೋದರರೂ ಅವರ ಸಾವಿರ ಶಿಷ್ಯರೂ ಅಗ್ನಿಪೂಜಕರಾದ ಜಟಿಲರು. ಬುದ್ಧನ ಬಳಿ ಬಂದಾಗ ಜಟೆಯನ್ನು ನದಿಗೆ ಬಿಟ್ಟರು. ಭಾಗವತದ ಪಂಚಮ ಸ್ಕಂಧ ಋಷಭನನ್ನು ಜಟಿಲಕೇಶದ ಅವಧೂತನೆಂದೇ ಚಿತ್ರಿಸಿತು. ಋಗ್ವೇದದ ಕೇಶಿಯೇ ಋಷಭನೆಂಬ ವಾದವನ್ನು ಹಿಂದಿನ ವಿದ್ವಾಂಸರು ಮಂಡಿಸಿದ್ದಾರೆ. ಕೂದಲಿನ ಸಾಮ್ಯವೊಂದರಿಂದಲೇ ಅಷ್ಟು ದೂರ ಹೋಗಲು ನನಗೆ ಧೈರ್ಯವಿಲ್ಲ. ಜಿನಸೇನರ ಮುಂದಿದ್ದ ಸಂದಿಗ್ಧ ಸ್ಪಷ್ಟ: ತಮ್ಮ ಆದಿತೀರ್ಥಂಕರನ ತಲೆಯ ಮೇಲೆ ಅನ್ಯಲಿಂಗಿಗಳ ಕುರುಹಿದೆ. ಅದನ್ನು ಅಳಿಸದೆ, ಆದದ್ದಕ್ಕೂ ಧರಿಸಿದ್ದಕ್ಕೂ ಗೆರೆ ಎಳೆದರು.

ಕನ್ನಡದಲ್ಲಿ ಈ ಗೆರೆ ವಿಚಿತ್ರವಾಗಿ ಅಳಿಸಿಹೋಗಿದೆ. ಜಟಾ ಶಬ್ದದ ತದ್ಭವ ಜಡೆ. ಇಂದು ಅದು ಎಣ್ಣೆ ಹಚ್ಚಿ, ಬಾಚಿ, ಹೆಣೆದ ಕೂದಲು. ಸಂಸ್ಕಾರವಿಲ್ಲದ್ದರ ಹೆಸರು ಸಂಸ್ಕಾರದ ಪರಾಕಾಷ್ಠೆಗೆ ಸಂದಿದೆ.

ನಿರ್ಗ್ರಂಥ ಮುನಿಗಳಿಗಂತೂ ಜಟೆ ಅಸಾಧ್ಯ. 28 ಮೂಲಗುಣಗಳಲ್ಲಿ ಲೋಚ ಒಂದು. ಎರಡು ತಿಂಗಳಿಗಾದರೆ ಉತ್ಕೃಷ್ಟ, ಮೂರಕ್ಕೆ ಮಧ್ಯಮ, ನಾಲ್ಕಕ್ಕೆ ಜಘನ್ಯ. ಸಿಕ್ಕುಗೂದಲಿನಲ್ಲಿ ಹೇನು ಹುಟ್ಟುತ್ತವೆ, ಕೆರೆದರೆ ಹಿಂಸೆ. ಕತ್ತಿ ಕತ್ತರಿ ಇಟ್ಟುಕೊಂಡರೆ ಪರಿಗ್ರಹ, ನಾವಿದನನ್ನು ಕರೆದರೆ ಯಾಚನೆ. ನಾಲ್ಕು ತಿಂಗಳ ಕೂದಲು ಐದು ಸೆಂಟಿಮೀಟರ್ ದಾಟುವುದು ಕಷ್ಟ. ಹೀಗಿರುವಾಗ ವರಾಂಗಚರಿತದ ಕರ್ತೃ ಜಟಾಸಿಂಹನಂದಿಯ ಹೆಸರು ಏನು ಹೇಳುತ್ತದೆ? ಜಿನಸೇನರು ಆದಿಪುರಾಣದ ಮೊದಲ ಪರ್ವದಲ್ಲಿ ಈ ಜಟಾಚಾರ್ಯರನ್ನು ಸ್ತುತಿಸುತ್ತ, ಕಾವ್ಯಚಿಂತನೆಯ ವೇಳೆ ಅವರ ಜಟೆಗಳು ತೊನೆದಾಡಿ ಅರ್ಥವನ್ನೇ ವಿವರಿಸುವಂತಿದ್ದವು ಎನ್ನುತ್ತಾರೆ. ಹೆಸರಿನಿಂದ ಹುಟ್ಟಿದ ಚಮತ್ಕಾರವಷ್ಟೇ ಎಂದು ತಳ್ಳಿಹಾಕಬಹುದು. ಆದರೆ ಹೆಸರು ಬಂದದ್ದು ಎಲ್ಲಿಂದ? ಸಿಂಹನಂದಿಗಳು ಹಲವರು, ಗಂಗರಾಜ್ಯದ ಸ್ಥಾಪನೆಗೆ ನೆರವಾದವರೆಂದು ಶಾಸನಗಳು ಹೇಳುವ ಸಿಂಹನಂದಿಯನ್ನು ಎಲ್ಲರೂ ಬಲ್ಲರು. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಜನ ಕಣ್ಣಿಗೆ ಕಾಣುವುದನ್ನೇ ಹಿಡಿಯುತ್ತಾರೆ. ಈ ಮುನಿಯ ತಲೆಯಲ್ಲಿ ಒಂದು ಕಾಲಕ್ಕಾದರೂ, ದೀಕ್ಷೆಗೆ ಮೊದಲೋ ದೀರ್ಘಯೋಗದ ನಡುವೆಯೋ, ಜಟೆ ಇದ್ದಿರಬೇಕೆಂಬುದು ನನ್ನ ಊಹೆ. ಅದನ್ನು ಜಿನಸೇನರು ವೃಷಭಸ್ವಾಮಿಯ ಜಟೆಯ ಸಾಲಿಗೆ ಸೇರಿಸಿದರು, ಭ್ರಷ್ಟರ ಸಾಲಿಗಲ್ಲ.

1938ರಲ್ಲಿ ವರಾಂಗಚರಿತವನ್ನು ಸಂಪಾದಿಸಿ ಪ್ರಕಟಿಸಿದ ಆ. ನೇ. ಉಪಾಧ್ಯೆಯವರು ಕೊಪ್ಪಳದ ಶಾಸನವನ್ನೂ ಚರ್ಚಿಸಿದ್ದಾರೆ. ಅಲ್ಲಿ ಪಲ್ಲಕ್ಕಿಗುಂಡಿನ ಮೇಲೆ, ಅಶೋಕನ ಶಾಸನದ ಸಮೀಪ, ಬಂಡೆಯಲ್ಲಿ ಕೆತ್ತಿದ ಎರಡು ಪಾದಗಳಿವೆ. ಅವು ಜಟಾಸಿಂಹನಂದ್ಯಾಚಾರ್ಯರ ಪಾದಗಳೆಂದೂ ಚಾವಯ್ಯನೆಂಬವನು ಮಾಡಿಸಿದನೆಂದೂ ಹಳಗನ್ನಡದ ಬರಹ ತಿಳಿಸುತ್ತದೆ. ಮುಂದಿನ ಬಾರಿ ಆ ವಿದ್ಯಾರ್ಥಿಯನ್ನು ಜೊತೆಗೆ ಕರೆದೊಯ್ಯಬೇಕೆಂದಿದ್ದೇನೆ. ಅವರೀಗ ಕೂದಲು ಬೋಳಿಸಿದ್ದಾರೆ. ಎರಡು ವರ್ಷದ ಸಿಕ್ಕು ಬಿಡಿಸಲು ಬರಲಿಲ್ಲವಂತೆ.